ನಿತ್ತಿಲೆ ಕೇಳಿದ ಎರಡು ಮಳೆ

ಗಿರೀಶ ಕಾರ್ನಾಡರ ‘ಅಗ್ನಿ ಮತ್ತು ಮಳೆ’ (1994) ನಾಟಕದಲ್ಲಿ ಬೇಟೆಗಾರ ಕುಲದ ಹುಡುಗಿ ನಿತ್ತಿಲೆ ಒಂದು ಪ್ರಶ್ನೆ ಎತ್ತುತ್ತಾಳೆ. ಯವಕ್ರಿ ಹತ್ತು ವರ್ಷ ಕಾಡಿನಲ್ಲಿ ತಪಸ್ಸು ಮಾಡಿ, ಇಂದ್ರನನ್ನೇ ಒಲಿಸಿಕೊಂಡು, ವಿದ್ಯೆಯ ವರ ಪಡೆದು ಊರಿಗೆ ಮರಳಿದ್ದಾನೆ. ಎಲ್ಲರ ಬಾಯಲ್ಲೂ ಅವನದೇ ಮಾತು. ನಿತ್ತಿಲೆಗೆ ಮಾತ್ರ ಒಂದು ಸಂಗತಿ ತಿಳಿಯುವುದಿಲ್ಲ. ಇಂದ್ರ ಮಳೆಯ ದೇವರಲ್ಲವೇ? ಅವನೇ ಎದುರಿಗೆ ಬಂದು ನಿಂತಾಗ ಈ ಮನುಷ್ಯ ಒಂದೆರಡು ಒಳ್ಳೆಯ ಮಳೆ ಯಾಕೆ ಕೇಳಿಕೊಳ್ಳಲಿಲ್ಲ?

ನಾಟಕವನ್ನು ಓದಿದವರು, ನೋಡಿದವರು ಈ ಪ್ರಶ್ನೆಯನ್ನು ಜ್ಞಾನದ ಅಹಂಕಾರಕ್ಕೆ ಹಾಕಿದ ಪೆಟ್ಟು ಎಂದು ಗುರುತಿಸುತ್ತಾರೆ. ಅದು ಸರಿ. ನಾನು ನಿಲ್ಲುವುದು ಬೇರೆ ಕಡೆ, ‘ಒಂದೆರಡು’ ಎಂಬ ಅಳತೆಯ ಹತ್ತಿರ. ನಿತ್ತಿಲೆ ಬರ ನೀಗಲಿ ಎಂದು ಕೇಳುತ್ತಿಲ್ಲ, ಹೊಳೆ ತುಂಬಲಿ ಎನ್ನುತ್ತಿಲ್ಲ. ಎರಡು ಮಳೆ ಸಾಕು ಎನ್ನುತ್ತಿದ್ದಾಳೆ. ಅವಳ ಅಪ್ಪ ಹಂಚುವ ಗಂಜಿಗಾಗಿ ಕೈಕಾಲು ಬತ್ತಿದ ಹೆಂಗಸರು, ಮಕ್ಕಳು ದಿನವೂ ಬರುವುದನ್ನು ನೋಡಿದವಳು ಅವಳು. ಎರಡು ಮಳೆಯ ಬೆಲೆ ಅವಳಿಗೆ ಗೊತ್ತು. ಬಯಲುಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ಆ ಅಳತೆ ಗುರುತು ಸಿಗಬೇಕು. ಅದು ಏಪ್ರಿಲ್ ಕೊನೆಗೋ ಮೇ ನಡುವೆಯೋ ಸಂಜೆ ಹೊತ್ತು ಧೂಳೆಬ್ಬಿಸಿಕೊಂಡು ಬಂದು, ಅರ್ಧ ಗಂಟೆ ಹೊಡೆದು ಹೋಗುವ ಮಳೆಯ ಅಳತೆ.

ಕನ್ನಡ ಸಾಹಿತ್ಯಕ್ಕೆ ಈ ಸಣ್ಣ ಮಳೆಯನ್ನು ಕಾಣುವುದು ಕಷ್ಟವಾಗಿದೆ ಎಂಬುದು ನನ್ನ ವಾದ. ನಮ್ಮ ಬರಹದಲ್ಲಿ ಮಳೆ ತೀರ್ಪಿನಂತೆ ಬರುತ್ತದೆ. ಒಣಭೂಮಿಯ ಜನ ಅದನ್ನು ಕಂತಿನಂತೆ ಕಾಯುತ್ತಾರೆ. ಈ ಎರಡರ ನಡುವಿನ ಅಂತರ ‘ಅಗ್ನಿ ಮತ್ತು ಮಳೆ’ಯ ಒಳಗೇ ಇದೆ, ಅದಕ್ಕಾಗಿಯೇ ಆ ನಾಟಕವನ್ನು ಮುಂದಿಟ್ಟುಕೊಂಡಿದ್ದೇನೆ.

ನಾಟಕದ ಕಥೆ ಮಹಾಭಾರತದ ವನಪರ್ವದ್ದು. ತೀರ್ಥಯಾತ್ರೆಯಲ್ಲಿ ಲೋಮಶ ಋಷಿ ಯುಧಿಷ್ಠಿರನಿಗೆ ಇದನ್ನು ಹೇಳುತ್ತಾನೆ. ಕಾರ್ನಾಡರು ಕಾಲೇಜು ದಿನಗಳಲ್ಲಿ ರಾಜಾಜಿಯವರ ಮಹಾಭಾರತದಲ್ಲಿ ಇದನ್ನು ಓದಿ, ದಶಕಗಳ ಕಾಲ ಮನಸ್ಸಿನಲ್ಲಿಟ್ಟುಕೊಂಡು ಆಮೇಲೆ ಬರೆದರು. ಮೂಲದಲ್ಲಿ ಕೊನೆಗೆ ದೇವತೆಗಳು ಒಲಿಯುತ್ತಾರೆ, ಸತ್ತವರೆಲ್ಲ ಮತ್ತೆ ಎದ್ದು ಬರುತ್ತಾರೆ. ಕಾರ್ನಾಡರು ಸತ್ತವರನ್ನು ಎಬ್ಬಿಸುವುದಿಲ್ಲ. ಅದರ ಜಾಗದಲ್ಲಿ ಅವರು ಮಳೆ ಸುರಿಸುತ್ತಾರೆ. ಆ ಮಳೆಗಾಗಿ ಸುಮಾರು ಹತ್ತು ವರ್ಷದ ಬರವನ್ನೂ ಏಳು ವರ್ಷದ ಯಜ್ಞವನ್ನೂ ಕಥೆಯ ಸುತ್ತ ಕಟ್ಟುತ್ತಾರೆ. ಮುಂದಿನದು ಗೊತ್ತಿರುವುದೇ. ವೃತ್ರನ ಮುಖವಾಡ ಹಾಕಿದ ಅರವಸು ಯಜ್ಞಶಾಲೆಗೆ ಬೆಂಕಿಯಿಡುತ್ತಾನೆ. ಹಸಿದ ಜನ ಒಳಗೆ ನುಗ್ಗುತ್ತಾರೆ. ಪರವಸು ಉರಿಯೊಳಕ್ಕೆ ನಡೆದುಹೋಗುತ್ತಾನೆ. ನಿತ್ತಿಲೆ ಗಂಡನ ಚೂರಿಗೆ ಬಲಿಯಾಗುತ್ತಾಳೆ. ಆಗ ಇಂದ್ರನ ದನಿ ಕೇಳುತ್ತದೆ, ಏನು ಬೇಕೋ ಕೇಳು ಎನ್ನುತ್ತದೆ. ಜನ ಮಳೆ ಕೇಳು ಎಂದು ಕೂಗುತ್ತಾರೆ. ಅರವಸುವಿಗೆ ನಿತ್ತಿಲೆ ಬೇಕು. ಆದರೆ ಅವಳು ಬದುಕಬೇಕಾದರೆ ಕಾಲಚಕ್ರ ಹಿಂದಕ್ಕೆ ತಿರುಗಬೇಕು, ಆಗಿಹೋದದ್ದೆಲ್ಲ ಮತ್ತೆ ಆಗಬೇಕು. ಕೊನೆಗೆ ಅವನು ಬ್ರಹ್ಮರಾಕ್ಷಸನಿಗೆ ಬಿಡುಗಡೆ ಕೇಳುತ್ತಾನೆ. ಮಳೆ ಬರುತ್ತದೆ.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಒಂದು, ಮಳೆಯನ್ನು ಅರವಸು ಕೇಳಿಯೇ ಇಲ್ಲ. ಯಜ್ಞದಿಂದ ಬಂತೋ, ಕರುಣೆಯಿಂದ ಬಂತೋ, ಬರುವ ಹೊತ್ತಾಗಿತ್ತು ಎಂದು ಬಂತೋ, ನಾಟಕ ಹೇಳುವುದಿಲ್ಲ. ಎರಡು, ಮಳೆ ಕೇಳಿದವಳು ಆ ಹೊತ್ತಿಗೆ ಹೆಣವಾಗಿದ್ದಾಳೆ. ಜನ ಕೆಸರಿನಲ್ಲಿ ಹೊರಳಾಡಿ ಕುಣಿಯುವಾಗ ಅರವಸು ಅವಳನ್ನು ಅಪ್ಪಿಕೊಂಡು ಕೂತಿದ್ದಾನೆ. ಕೇಳಿದ್ದು ಎರಡು ಮಳೆ, ಕೇಳಿದ್ದು ಬಹಳ ಮೊದಲು. ಬಂದದ್ದು ಮಹಾಮಳೆ, ಎಲ್ಲ ಮುಗಿದ ಮೇಲೆ. ನಾಟಕದ ನಿಜವಾದ ನೋವು ನನಗೆ ಈ ತಡದಲ್ಲಿ ಕಾಣುತ್ತದೆ. ಆದರೆ ರಂಗದ ಮೇಲೆ ಮಳೆ ಶುರುವಾದ ಕೂಡಲೇ ನಾವು ಪ್ರೇಕ್ಷಕರು ಆ ಜನರ ಗುಂಪಿಗೆ ಸೇರಿಬಿಡುತ್ತೇವೆ. ಬರ ಮುಗಿಯಿತು, ನಾಟಕ ಮುಗಿಯಿತು, ಚಪ್ಪಾಳೆ.

ಇದು ಕಾರ್ನಾಡರೊಬ್ಬರ ಮಾತಲ್ಲ. ಅದೇ ವನಪರ್ವದಲ್ಲಿ ಅದೇ ಲೋಮಶ ಹೇಳುವ ಇನ್ನೊಂದು ಕಥೆ ಋಷ್ಯಶೃಂಗನದು. ಹೆಣ್ಣನ್ನೇ ಕಾಣದ ಮುನಿಕುಮಾರ ಅಂಗದೇಶಕ್ಕೆ ಕಾಲಿಟ್ಟ ಕ್ಷಣಕ್ಕೆ ಅಲ್ಲಿಯ ಬರ ಕೊನೆಯಾಗುತ್ತದೆ. ಶೃಂಗೇರಿ ಹತ್ತಿರದ ಕಿಗ್ಗದಲ್ಲಿ ಅವನ ಹೆಸರಿನ ದೇವಸ್ಥಾನವಿದೆ, ಮಳೆಗಾಗಿ ಅಲ್ಲಿಗೆ ಹರಕೆ ಹೊರುತ್ತಾರೆ. 2019ರಲ್ಲಿ ಕರ್ನಾಟಕ ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ಪರ್ಜನ್ಯ ಜಪ, ಹೋಮ ನಡೆಸಲು ಆದೇಶ ಹೊರಡಿಸಿತ್ತು. ಅದಕ್ಕೆ ಎರಡು ವರ್ಷ ಮೊದಲು, 2017ರಲ್ಲಿ, ‘ವರ್ಷಧಾರೆ’ ಎಂಬ ಹೆಸರಿನಲ್ಲಿ ವಿಮಾನದಿಂದ ಮೋಡ ಬಿತ್ತನೆ ನಡೆದಿತ್ತು. ಹೋಮವೋ ವಿಮಾನವೋ, ಎರಡರ ಹಿಂದೆಯೂ ಒಂದೇ ಕಲ್ಪನೆ ಇದೆ: ಮೇಲಿನಿಂದ ಒಬ್ಬರು ಬಂದು ಒಂದೇ ಏಟಿಗೆ ಬರ ಕಳೆಯುತ್ತಾರೆ.

ನಮ್ಮ ಹಳೆಯ ಕಾವ್ಯಕ್ಕೂ ವಸಂತದ ಮಳೆ ಒಗ್ಗಲಿಲ್ಲ. ಮಹಾಕಾವ್ಯಕ್ಕೆ ಬೇಕಾದ ಹದಿನೆಂಟು ವರ್ಣನೆಗಳಲ್ಲಿ ಋತುವರ್ಣನೆಯೂ ಒಂದು. ಆ ಕ್ರಮದಲ್ಲಿ ವಸಂತಕ್ಕೆ ಕೋಗಿಲೆ, ಮಾವಿನ ಚಿಗುರು, ಮಲ್ಲಿಗೆ, ದಕ್ಷಿಣದ ತಂಗಾಳಿ ಮೀಸಲು. ಗುಡುಗು, ಮೋಡ, ನವಿಲು ವರ್ಷಋತುವಿನ ಪಾಲು. ಚೈತ್ರ–ವೈಶಾಖದಲ್ಲಿ ಗುಡುಗಿದರೆ ಅದನ್ನು ಇಡಲು ಕವಿಗೆ ಖಾನೆಯಿಲ್ಲ.

ಇದನ್ನು ನಾನಿರುವ ಊರಿನ ಹತ್ತಿರದ ಒಂದು ಉದಾಹರಣೆಯಿಂದ ಹೇಳಬಹುದು. ಹೈದರಾಬಾದಿನಲ್ಲಿ ಬದುಕುವ ಕನ್ನಡಿಗರು ಪಂಪನನ್ನು ನಮ್ಮವನೆಂದು ಹೇಳಿಕೊಳ್ಳಲು ಒಂದು ಹೆಚ್ಚಿನ ಕಾರಣವಿದೆ. ಅವನ ಆಶ್ರಯದಾತ ಅರಿಕೇಸರಿಯ ರಾಜಧಾನಿ ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ. ಪಂಪನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನವೂ ಇದೇ ಸೀಮೆಯದು. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ತೆಂಕಣ ಗಾಳಿ ತಾಗಿದರೆ, ಮಲ್ಲಿಗೆ ಅರಳಿದರೆ, ವಸಂತದ ಹಬ್ಬ ಬಂದರೆ, ಅಂಕುಶದಿಂದ ತಿವಿದು ತಡೆದರೂ ಮನಸ್ಸು ಬನವಾಸಿಯನ್ನೇ ನೆನೆಯುತ್ತದೆ ಎಂಬ ಪ್ರಸಿದ್ಧ ಪದ್ಯ ಬರುತ್ತದೆ. ಊರು ಬಿಟ್ಟವರೆಲ್ಲ ಅದನ್ನು ತಮ್ಮ ಪದ್ಯ ಎಂದುಕೊಳ್ಳುತ್ತೇವೆ. ಈಗ ಸ್ವಲ್ಪ ಕೆದಕಿ ನೋಡಿ. ವಸಂತ ಎಂದರೆ ಅಲ್ಲಿ ತಂಗಾಳಿ, ಅದು ಬೀಸುವುದು ನೆನಪಿನ ಹಸಿರು ನಾಡಿನ ಕಡೆಯಿಂದ. ಕವಿಯ ಆಶ್ರಯದಾತನ ಒಣನೆಲದ ಮೇಲೆ ಅದೇ ತಿಂಗಳುಗಳಲ್ಲಿ ಏಳುವ ಬಿರುಗಾಳಿ, ಆಲಿಕಲ್ಲು, ಸಿಡಿಲಿಗೆ ಆ ಪದ್ಯದಲ್ಲಿ ಜಾಗವಿಲ್ಲ. ಪಂಪನನ್ನು ಇದಕ್ಕಾಗಿ ದೂರುವುದು ಹುಚ್ಚುತನ. ಆದರೆ ಹಸಿರು ನಾಡನ್ನು ನೆನೆಯುವುದೇ ಊರನ್ನು ನೆನೆಯುವುದು ಎಂಬ ಅಭ್ಯಾಸ ನಮಗೆ ಎಷ್ಟು ಹಳೆಯದು ಎಂಬುದು ಇದರಿಂದ ತಿಳಿಯುತ್ತದೆ.

ಆಧುನಿಕ ಕನ್ನಡ ಆ ಅಭ್ಯಾಸವನ್ನು ಗಟ್ಟಿ ಮಾಡಿತು. ಕುವೆಂಪು ಅವರ ಮಲೆನಾಡಿನ ಮಳೆ, ಕಾರಂತರ ಕಡಲತಡಿಯ ಮಳೆ, ಬೇಂದ್ರೆಯವರ ಧಾರವಾಡದ ಶ್ರಾವಣ ಇವು ನಮ್ಮ ಮಳೆಯ ದೊಡ್ಡ ಬರಹಗಳು. ಪಶ್ಚಿಮದಿಂದ ಬರುವ, ತಿಂಗಳುಗಟ್ಟಲೆ ನಿಲ್ಲದ ಮಳೆ ಅದು. ಬೇಂದ್ರೆಯವರದು ಬಯಲಿನ ಅಂಚಿನ ಊರಾದರೂ ಅವರ ಮಳೆಗೂ ಶ್ರಾವಣವೇ ತಿಂಗಳು. 2006ರಲ್ಲಿ ‘ಮುಂಗಾರು ಮಳೆ’ ಸಿನಿಮಾ ಬಂದ ಮೇಲಂತೂ ನಮ್ಮ ತಲೆಮಾರಿಗೆ ಮಳೆ ಎಂದರೆ ಕೊಡಗು, ಸಕಲೇಶಪುರದ ಮಂಜು ಎಂದೇ ಆಯಿತು. ಇತ್ತ ಬರದ ಬಗ್ಗೆ ಬರೆದವರು ಮಳೆಯನ್ನು ಬಿಟ್ಟರು. ಅನಂತಮೂರ್ತಿಯವರ ‘ಬರ’ದಲ್ಲಿ, ಎಂ.ಎಸ್. ಸತ್ಯು ಅದನ್ನು ಆಧರಿಸಿ ಮಾಡಿದ ಸಿನಿಮಾದಲ್ಲಿ, ಬರ ಜಿಲ್ಲಾಧಿಕಾರಿಯ ಮೇಜಿನ ಮೇಲಿನ ಪ್ರಶ್ನೆ. ಜಿಲ್ಲೆಯನ್ನು ಬರಪೀಡಿತ ಎಂದು ಘೋಷಿಸಬೇಕೇ ಬೇಡವೇ, ಅದರಿಂದ ಯಾರಿಗೆ ಲಾಭ ಎಂಬ ರಾಜಕೀಯವನ್ನು ಅದು ಬಿಚ್ಚಿ ತೋರಿಸಿತು. ಅದು ದೊಡ್ಡ ಕೆಲಸ. ಆದರೂ ಮಳೆಗೊಂದು ಸಾಹಿತ್ಯ, ಬರಕ್ಕೊಂದು ಸಾಹಿತ್ಯ ಎಂದು ಎರಡು ಪಂಕ್ತಿ ಆದವು. ಎರಡೂ ಕೂಡುವ ಜಾಗ, ಅಂದರೆ ಬರದ ನಡುವೆ ಬೀಳುವ ಒಂದು ಮಳೆ, ಖಾಲಿ ಉಳಿಯಿತು.

ಆ ಜಾಗವನ್ನು ತುಂಬಿದವರು ಗಾದೆ ಕಟ್ಟಿದವರು. ಕನ್ನಡದ ರೈತ ಸೂರ್ಯನ ನಡೆಯ ಇಪ್ಪತ್ತೇಳು ನಕ್ಷತ್ರಗಳಿಗೂ ಮಳೆಯ ಲೆಕ್ಕ ಹಚ್ಚಿದ್ದಾನೆ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಏಪ್ರಿಲ್ ನಡುವಿನಿಂದ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕೆ, ಕೊನೆಯ ವಾರಕ್ಕೆ ರೋಹಿಣಿ. ಇಷ್ಟೂ ಮುಂಗಾರು ಕೇರಳಕ್ಕೆ ಕಾಲಿಡುವ ಮೊದಲೇ ಶುರುವಾಗುವ ಮಳೆಗಳು. ಹವಾಮಾನ ಇಲಾಖೆಗೆ ಇದು ಮುಂಗಾರು ಪೂರ್ವ ಮಳೆ, ಪತ್ರಿಕೆಗಳಿಗೆ ಅಕಾಲಿಕ ಮಳೆ, ನಮ್ಮ ಕಡೆಯವರಿಗೆ ಅಡ್ಡಮಳೆ, ಕಾಫಿ ಸೀಮೆಯವರಿಗೆ ಹೂಮಳೆ. ಗಾದೆಯವರು ಇದನ್ನು ಅಕಾಲಿಕ ಎನ್ನಲಿಲ್ಲ, ಒಂದೊಂದಕ್ಕೂ ಹೆಸರಿಟ್ಟು ಗುಣ ಹೇಳಿದರು. ‘ಅಶ್ವಿನಿ ಸಸ್ಯನಾಶಿನಿ’, ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’, ‘ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ’. ಊರಿಂದೂರಿಗೆ ಮಾತು ಕೊಂಚ ಬದಲಾಗುತ್ತದೆ, ತೂಕ ಬದಲಾಗುವುದಿಲ್ಲ. ಎರಡು ವಾರದ ಅಂತರದಲ್ಲಿ ಅದೇ ನೀರು ಒಮ್ಮೆ ಕೆಡುಕು, ಒಮ್ಮೆ ಒಳಿತು. ಅಶ್ವಿನಿಯ ಆಲಿಕಲ್ಲಿಗೆ ಮಾವು ಉದುರುತ್ತದೆ, ನೀರಾವರಿಯ ಬೇಸಿಗೆ ಭತ್ತ ನೆಲಕ್ಕೆ ಮಲಗುತ್ತದೆ. ಭರಣಿಗೆ ದಕ್ಷಿಣ ಕರ್ನಾಟಕದ ಒಣಹೊಲದಲ್ಲಿ ಎಳ್ಳು, ಅಲಸಂದೆ ಬಿತ್ತುತ್ತಾರೆ. ನಮ್ಮ ಕಪ್ಪು ಮಣ್ಣಿನಲ್ಲಿ ನೆಲ ಹದಗೊಂಡು ಹರಗಲು ಬರುತ್ತದೆ, ದನಕ್ಕೆ ನಾಲ್ಕು ಬಾಯಿ ಹಸಿ ಹುಲ್ಲು ಸಿಗುತ್ತದೆ. ಒಳಿತು ಕೆಡುಕು ಎರಡನ್ನೂ ಒಂದೇ ಉಸಿರಿಗೆ ಹೇಳಬಲ್ಲ ಈ ಲೆಕ್ಕ ನಮ್ಮ ಮಳೆ ಕವಿತೆಗಳಲ್ಲಿ ಅಪರೂಪ.

ತೆಲಂಗಾಣಕ್ಕೆ ಬಂದ ಮೇಲೆ ನನಗೆ ಈ ಲೆಕ್ಕ ಇನ್ನೊಂದು ಬಗೆಯಲ್ಲಿ ಕಂಡಿತು. ಇಲ್ಲಿಯೂ ಅವೇ ನಕ್ಷತ್ರ, ಅವೇ ದಿನಗಳು. ಆದರೆ ತೆಲುಗಿನಲ್ಲಿ ಅವುಗಳ ಹೆಸರು ಕಾರ್ತೆ. ರೋಹಿಣಿ ಕಾರ್ತೆ ಎಂದರೆ ಒರಳುಕಲ್ಲೂ ಬಿರಿಯುವ ಬಿಸಿಲು ಎಂದು ಇಲ್ಲಿಯವರ ಮಾತು. ಮೃಗಶಿರ ಕಾರ್ತೆ ಬಂದರೆ ಬೇಸಿಗೆ ಮುಗಿದ ಹಾಗೆ, ಆ ದಿನ ನಾಂಪಲ್ಲಿಯಲ್ಲಿ ಆಸ್ತಮಾದವರು ಮೀನಿನ ಪ್ರಸಾದಕ್ಕೆ ಸಾಲುಗಟ್ಟುತ್ತಾರೆ. ಒಂದೇ ಎರಡು ವಾರವನ್ನು ತೆಲುಗರು ಸುಡುವ ಕಾಲ ಎನ್ನುತ್ತಾರೆ, ನಾವು ಮಳೆ ಎನ್ನುತ್ತೇವೆ. ಒಂದು ಹನಿ ಬೀಳದಿದ್ದರೂ ಕನ್ನಡದಲ್ಲಿ ಅದು ರೋಹಿಣಿ ‘ಮಳೆ’ಯೇ. “ಈ ಸಲ ರೋಹಿಣಿ ಮಳಿ ಆಗಲಿಲ್ಲ” ಎನ್ನುವಾಗ ಬಾರದ ಮಳೆಗೂ ಒಂದು ಹೆಸರಿರುತ್ತದೆ, ಒಂದು ಬಾಕಿ ಬರೆದಿಟ್ಟಂತಿರುತ್ತದೆ. ಬರವನ್ನು ಬರೆಯಲು ಇದಕ್ಕಿಂತ ಒಳ್ಳೆಯ ಭಾಷೆ ಬೇಕೆ?

ಈ ಭಾಷೆ ಕೈಯಲ್ಲಿದ್ದೂ ನಾವು ಬರೆಯುವುದೇನು? ನಮ್ಮಂಥ ವಲಸಿಗರ ಪತ್ರಿಕೆಗಳಲ್ಲಿ ಬೇಸಿಗೆಗೆ ಬರುವ ಮಳೆ ಕವಿತೆಗಳನ್ನು ನಾನು ಆಸೆಯಿಂದಲೇ ಓದುತ್ತೇನೆ. ಅವುಗಳಲ್ಲಿ ಅಪಾರ್ಟ್‌ಮೆಂಟಿನ ಬಾಲ್ಕನಿ ಇರುತ್ತದೆ, ಚಹಾ ಇರುತ್ತದೆ, ಮಣ್ಣಿನ ಘಮ ತಪ್ಪದೆ ಇರುತ್ತದೆ. ಆಮೇಲೆ ಊರು ಬರುತ್ತದೆ, ಆ ಊರಿನಲ್ಲಿ ಹಂಚಿನ ಮನೆ, ಕೊಡೆ, ಜಿಟಿಜಿಟಿ ಸದ್ದು. ಬರೆದವರು ಸಿಂಧನೂರಿನವರೋ ಸೇಡಂನವರೋ ಆಗಿರುತ್ತಾರೆ! ಅಲ್ಲಿಯದು ಮಾಳಿಗೆ ಮನೆ. ಮಳೆಗಾಲದ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕಿ ತುಳಿಯಬೇಕು. ಹಾಕುವ ಮೊದಲೇ ಅಡ್ಡಮಳೆ ಹೊಡೆದರೆ ಮೂಲೆ ಮೂಲೆಗೆ ಪಾತ್ರೆ ಇಟ್ಟು ರಾತ್ರಿ ಕಳೆಯಬೇಕು. ಅಲ್ಲಿ ಮಳೆಗಿಂತ ಮೊದಲು ಧೂಳು ಬರುತ್ತದೆ, ತಗಡು ಹಾರುತ್ತದೆ, ಕರೆಂಟು ಹೋಗುತ್ತದೆ. ಮರದ ಕೆಳಗೆ ನಿಂತ ದನಗಾಹಿಯ ಮೇಲೆ ಸಿಡಿಲು ಬೀಳುತ್ತದೆ. ಒಂದು ಬದುವಿನ ಆಚೆ ಹೊಲ ತೊಯ್ದರೆ ಈಚೆ ಒಣಗಿಯೇ ಇರುತ್ತದೆ, ಏಕೆಂದರೆ ಕಾದ ನೆಲದ ಮೇಲೆ ಸಂಜೆಗೆ ಏಳುವ ಈ ಮೋಡಗಳು ನಾಡಿಗೆಲ್ಲ ಹಬ್ಬುವ ಮುಂಗಾರಲ್ಲ. ಇದೆಲ್ಲ ಗೊತ್ತಿರುವವರೇ ಬರೆಯಲು ಕೂತಾಗ ಮಲೆನಾಡಿನ ಮಳೆಯನ್ನು ಕಡ ತರುತ್ತಾರೆ. ಕವಿತೆಯಲ್ಲಿ ಮಳೆ ಹೀಗಿರಬೇಕು ಎಂದು ಪಠ್ಯಪುಸ್ತಕ ಕಲಿಸಿಕೊಟ್ಟಿದೆ.

ಘಮದ ಬಗ್ಗೆ ನನಗೆ ತಕರಾರಿಲ್ಲ. ‘ಅಗ್ನಿ ಮತ್ತು ಮಳೆ’ಯ ಕೊನೆಯಲ್ಲೂ ನೆಲ ನೆನೆದ ವಾಸನೆ ಇದೆ. ನನ್ನ ತಕರಾರು ಘಮಕ್ಕೆ ಕವಿತೆ ಮುಗಿದುಹೋಗುವುದರ ಬಗ್ಗೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಪರಿಹಾರಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್ ಕೊನೆಗೆ ಕೇಂದ್ರ ಸುಮಾರು 3,454 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು, ರಾಜ್ಯ ಕೇಳಿದ್ದು 18,171 ಕೋಟಿ. ಆ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಮೇ ತಿಂಗಳಲ್ಲಿ ಅಡ್ಡಮಳೆಗಳು ಬಂದವು. ಅವು ಅಣೆಕಟ್ಟು ತುಂಬಿಸಲಿಲ್ಲ, ಬರದ ಪಟ್ಟಿಯಿಂದ ಒಂದು ತಾಲ್ಲೂಕನ್ನೂ ತೆಗೆಯಲಿಲ್ಲ. ಬರ ಘೋಷಣೆಯ ಲೆಕ್ಕ ಮುಂಗಾರು, ಹಿಂಗಾರು ಹಂಗಾಮುಗಳದು, ವಸಂತದ ಮಳೆಗೆ ಸರ್ಕಾರದ ಕಡತದಲ್ಲೂ ಖಾನೆಯಿಲ್ಲ. ಆದರೆ ನೆಲ ಉಳಲು ಬಂತು, ದನಗಳು ಉಳಿದವು, ಊರು ಬಿಡುವವರು ನಾಲ್ಕು ದಿನ ನೋಡೋಣ ಎಂದರು. ಉಪಶಮನ ಎಂದರೆ ಇಷ್ಟೇ, ಬರ ಮುಗಿಯುವುದಲ್ಲ, ಇನ್ನು ಸ್ವಲ್ಪ ದಿನ ತಡೆಯಲು ಆಗುವುದು. ನಿತ್ತಿಲೆ ಕೇಳಿದ್ದೂ ಇದನ್ನೇ ಎಂದು ನಾನು ಓದುತ್ತೇನೆ.

ಅದೇ ಮೇ ತಿಂಗಳ 7ರ ಸಂಜೆ ಹೈದರಾಬಾದಿನಲ್ಲೂ ಜೋರು ಮಳೆಯಾಯಿತು. ವಾರಗಟ್ಟಲೆ ಬೆಂದ ಊರು ತಣ್ಣಗಾಯಿತು. ಆ ಮಳೆಗೆ ಬಾಚುಪಲ್ಲಿಯಲ್ಲಿ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ತಡೆಗೋಡೆ ಕೂಲಿಕಾರರ ಗುಡಿಸಲುಗಳ ಮೇಲೆ ಬಿತ್ತು. ನಾಲ್ಕು ವರ್ಷದ ಮಗು ಸೇರಿ ಏಳು ಜನ ಸತ್ತರು. ಒಡಿಶಾ, ಛತ್ತೀಸಗಡದಿಂದ ದುಡಿಯಲು ಬಂದವರು. ವಲಸೆ ಬಂದವರು ಎನ್ನುವುದಾದರೆ ಅವರೂ ವಲಸಿಗರೇ, ನಾವೂ ವಲಸಿಗರೇ. ನಾವು ಕವಿತೆ ಬರೆಯುವ ಬಾಲ್ಕನಿಗಳನ್ನು ಕಟ್ಟುವವರು ಅವರು. ಶಂಶಾಬಾದಿನಲ್ಲಿ ವಿಮಾನ ನಿಲ್ದಾಣದ ಸುತ್ತ ಏಳುತ್ತಿರುವ ಲೇಔಟುಗಳ ಪಕ್ಕದಲ್ಲೂ ಅಂಥದೇ ತಗಡಿನ ಸಾಲುಗಳಿವೆ. ನಗರದಾಚೆ ಖರೀದಿ ಕೇಂದ್ರಗಳಲ್ಲಿ ರೈತರು ರಾಶಿ ಹಾಕಿದ ಭತ್ತ ಪ್ರತಿ ವರ್ಷ ಈ ಮಳೆಗೆ ನೆನೆಯುತ್ತದೆ. ನಮ್ಮ ಉಪಶಮನದ ಕವಿತೆಯ ಪಕ್ಕದಲ್ಲೇ ನಡೆಯುವ ಇವುಗಳನ್ನು ಒಳಗೆ ಬಿಟ್ಟುಕೊಳ್ಳದೆ ಬರೆಯುವುದು ಸಾಧ್ಯವಿದೆ, ಬಹುಪಾಲು ಹಾಗೆಯೇ ಬರೆಯುತ್ತಿದ್ದೇವೆ. ಆದರೆ ‘ಅಶ್ವಿನಿ ಸಸ್ಯನಾಶಿನಿ’ ಎಂದವರು ನಮಗಿಂತ ಪ್ರಾಮಾಣಿಕರಾಗಿದ್ದರು ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ಕಾರ್ನಾಡರ ನಾಟಕ ಜ್ಞಾನ, ಅಧಿಕಾರ, ಸಹೋದರ ದ್ವೇಷದ ಬಗ್ಗೆ ಇರುವಂಥದ್ದು, ಅದನ್ನು ಬೇಸಾಯದ ಪಂಚಾಂಗಕ್ಕೆ ಇಳಿಸಬಾರದು ಎಂದು ಯಾರಾದರೂ ಹೇಳಬಹುದು. ಆದರೆ ಜ್ಞಾನವನ್ನು ಅಳೆಯುವ ಕೋಲು ಯಾವುದು ಎಂದು ನಾಟಕವೇ ಹೇಳಿಬಿಟ್ಟಿದೆ. ಅಲ್ಲಿ ಯವಕ್ರಿಗೆ ಕೇಳಬೇಕೆಂದಿರುವುದು ಎರಡೇ ಪ್ರಶ್ನೆ: ಮಳೆ ತರಿಸಬಲ್ಲೆಯಾ, ನಿನ್ನ ಸಾವು ಯಾವಾಗ ಎಂದು ಹೇಳಬಲ್ಲೆಯಾ. ಸಾಯುವ ಮಕ್ಕಳಿಗೆ ಬಾರದ ವಿದ್ಯೆ ವಿದ್ಯೆಯಲ್ಲ. ಮಳೆಯ ಬಗ್ಗೆ ಬರೆಯುವ ನಮ್ಮ ವಿದ್ಯೆಗೂ ಅದೇ ಕೋಲು ಹಿಡಿದರೆ ತಪ್ಪೇನಿಲ್ಲ. ಯಾವ ಮಳೆ, ಯಾರ ಹೊಲ ಯಾರ ಸೂರಿನ ಮೇಲೆ ಬಿತ್ತು, ಮರುದಿನ ಏನಾಯಿತು ಎಂಬಷ್ಟನ್ನು ಒಂದು ಮಳೆ ಕವಿತೆಯಿಂದ ನಿರೀಕ್ಷಿಸಬಹುದು.

ಮರುದಿನದ ಪ್ರಶ್ನೆಯನ್ನು ನಾಟಕಕ್ಕೂ ಕೇಳಬಹುದು. ಕುಣಿದು ದಣಿದ ಜನ ಬೆಳಗ್ಗೆ ಎದ್ದಾಗ ನೆಲ ಹದವಾಗಿರುತ್ತದೆ. ಅರವಸು ನಿತ್ತಿಲೆಯನ್ನು ಮಣ್ಣು ಮಾಡಬೇಕು. ಉಳಿದವರು ಬಿತ್ತಬೇಕು. ಹತ್ತು ವರ್ಷದ ಬರದಲ್ಲಿ ತಿನ್ನದೆ ಉಳಿಸಿಟ್ಟ ಬೀಜ ಯಾರ ಮನೆಯಲ್ಲಿದೆ?